ಪುಡಿ ಸೋತಲ್ಲಿ ಪಾಠ: ಹಟ ಹಿಡಿದ ಮಲಬದ್ಧತೆಗೆ ಬಯೋಫೀಡ್‌ಬ್ಯಾಕ್

ಮುಂಬೈಯಲ್ಲಿ ಯಾರ ಮುಂದೆಯಾದರೂ ‘ಹೊಟ್ಟೆ ಸರಿಯಾಗಿ ಕ್ಲಿಯರ್ ಆಗ್ತಿಲ್ಲ’ ಅಂತ ಹೇಳಿ ನೋಡಿ. ನಿಂತಲ್ಲೇ ನಾಲ್ಕು ಮದ್ದು ಸಿಗುತ್ತವೆ. ರಾತ್ರಿ ಇಸಬ್‌ಗೋಲ್, ಬೆಳಿಗ್ಗೆ ಬಿಸಿನೀರು, ತ್ರಿಫಲಾ ಚೂರ್ಣ, ಮೇಲೊಂದು ಬಾಳೆಹಣ್ಣು. ಲೋಕಲ್ ಟ್ರೇನಿನ ಡಬ್ಬಿಯೊಳಗೆ ಅಂಟಿಸಿದ ಚೀಟಿಗಳು ಇನ್ನೂ ಒಂದು ಹೆಜ್ಜೆ ಮುಂದೆ. ಬವಾಸೀರ್ (ಪೈಲ್ಸ್), ಭಗಂದರ್ (ಫಿಸ್ಟುಲಾ) ಎಲ್ಲವನ್ನೂ ಆಪರೇಷನ್ ಇಲ್ಲದೆ ವಾಸಿ ಮಾಡುತ್ತೇವೆ ಅನ್ನುತ್ತವೆ. ಬಹಳ ಜನರಿಗೆ ನಾರು, ನೀರು, ಓಡಾಟ ಇಷ್ಟರಿಂದಲೇ ಸರಿಹೋಗುತ್ತದೆ. ಅವರ ವಿಷಯ ಇಲ್ಲಿ ಬೇಡ.

ಪುಡಿಗಳೆಲ್ಲ ಮುಗಿದ ಮೇಲೂ ಒದ್ದಾಡುವವರಿದ್ದಾರಲ್ಲ, ಅವರ ಮಾತು ಇದು. ಅವರಲ್ಲಿ ಅನೇಕರಿಗೆ ಬೇಕಾದದ್ದು ಬಯೋಫೀಡ್‌ಬ್ಯಾಕ್, ಅಂದರೆ ಸ್ನಾಯುವಿನ ಬಿಗಿಯನ್ನು ಪರದೆಯ ಮೇಲೆ ನೋಡಿಕೊಂಡು ತಿದ್ದುವ ಪಾಠ. ಅವರ ದೂರು ಬೇರೆ ತರಹ ಇರುತ್ತದೆ. ಮಲ ಗಟ್ಟಿಯೇನೂ ಇಲ್ಲ, ಮೆತ್ತಗೇ ಇದೆ. ಹೋಗಬೇಕು ಅಂತಲೂ ಅನ್ನಿಸುತ್ತದೆ. ಕೂತರೆ ಮಾತ್ರ ಬರುವುದಿಲ್ಲ. ಅರ್ಧ ಗಂಟೆ ತಿಣುಕಿದರೆ ಸ್ವಲ್ಪ. ಎದ್ದು ಬಂದು ಟೀ ಕುಡಿಯುವಷ್ಟರಲ್ಲಿ ಇನ್ನೂ ಒಳಗೆ ಉಳಿದಿದೆ ಅನ್ನುವ ಭಾವ. ಮತ್ತೆ ಸಂಡಾಸಿಗೆ. ಕೆಲವರು ಬೆರಳು ಹಾಕಿ ತೆಗೆಯುತ್ತಾರೆ. ಇದನ್ನು ಹೆಂಡತಿಗೂ ಗಂಡನಿಗೂ ಹೇಳಿರುವುದಿಲ್ಲ, ಡಾಕ್ಟರಿಗಂತೂ ಇಲ್ಲವೇ ಇಲ್ಲ.

ಇಂಥವರಲ್ಲಿ ಅನೇಕರಿಗೆ ಕರುಳಿನ ನಡಿಗೆ ಸರಿಯಾಗಿಯೇ ಇರುತ್ತದೆ. ಎಡವಟ್ಟು ಇರುವುದು ಕೊನೆಯ ನಾಲ್ಕು ಬೆರಳಿನ ಜಾಗದಲ್ಲಿ. ತಳ್ಳುವ ಹೊತ್ತಿನಲ್ಲಿ ಸಡಿಲ ಆಗಬೇಕಾದ ಸ್ನಾಯು ಬಿಗಿಯುತ್ತದೆ. ದೊಡ್ಡ ಆಸ್ಪತ್ರೆಗಳಿಗೆ ಹಳೆಯ ಮಲಬದ್ಧತೆ ಅಂತ ಬರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಈ ತೊಂದರೆ ಕಾಣುತ್ತದೆ. ಡಾಕ್ಟರುಗಳು ಇದನ್ನು ಡಿಸ್‌ಸಿನರ್ಜಿಯಾ ಅನ್ನುತ್ತಾರೆ. ಅಂದರೆ ಸ್ನಾಯುಗಳ ತಾಳಮೇಳ ತಪ್ಪಿರುವುದು.

ಒಳಗೆ ಏನಾಗುತ್ತದೆ ನೋಡೋಣ. ಗುದದ್ವಾರಕ್ಕೆ ಎರಡು ಸ್ನಾಯುವಿನ ಬಳೆಗಳಿವೆ. ಒಳಗಿನದು ನಮ್ಮ ಮಾತು ಕೇಳುವುದಿಲ್ಲ. ನಾವು ನಿದ್ದೆಯಲ್ಲಿದ್ದರೂ ತನ್ನಷ್ಟಕ್ಕೆ ಮುಚ್ಚಿಕೊಂಡೇ ಇರುತ್ತದೆ. ಹೊರಗಿನದು ನಮ್ಮ ಹಿಡಿತದಲ್ಲಿದೆ. ಗ್ಯಾಸ್ ಬಂದಾಗ ಜನರ ನಡುವೆ ಬಿಗಿ ಹಿಡಿಯುತ್ತೇವಲ್ಲ, ಅದು ಇದೇ. ಇವೆರಡರ ಮೇಲೆ ಪ್ಯೂಬೊರೆಕ್ಟಾಲಿಸ್ ಎಂಬ ಮೂರನೆಯ ಸ್ನಾಯು ಇದೆ. ಮುಂದಿನ ಮೂಳೆಯಿಂದ ಹೊರಟು ಗುದನಾಳದ ಹಿಂದೆ ಸುತ್ತಿ ಮತ್ತೆ ಮುಂದಕ್ಕೇ ಬರುತ್ತದೆ. ಇದು ಎಳೆದು ಹಿಡಿದಿರುವಾಗ ಗುದನಾಳ ಹೆಚ್ಚು ಕಡಿಮೆ 90 ಡಿಗ್ರಿಗೆ ಬಾಗಿರುತ್ತದೆ. ಆ ಬಾಗಿನಲ್ಲಿ ಮಲ ನಿಲ್ಲುತ್ತದೆ. ಇದು ಸಡಿಲವಾದರೆ ಬಾಗು ತೆರೆದು ದಾರಿ ನೇರವಾಗುತ್ತದೆ. ಕುಕ್ಕರಗಾಲಲ್ಲಿ ಕೂತಾಗ ಇನ್ನಷ್ಟು ನೇರ. ಹಳೆಯ ನಮೂನೆಯ ಸಂಡಾಸನ್ನು ಹೊಗಳುವ ಅಜ್ಜಂದಿರ ಮಾತಿನಲ್ಲಿ ಇಷ್ಟು ನಿಜ ಇದೆ.

ಮಲ ಇಳಿದಾಗ ಗುದನಾಳ ಹಿಗ್ಗುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಒಳಗಿನ ಬಳೆ ತಾನಾಗಿಯೇ ಸ್ವಲ್ಪ ಸಡಿಲಗೊಳ್ಳುತ್ತದೆ. ಈಗ ನಾವು ಮಾಡಬೇಕಾದ್ದು ಎರಡೇ ಕೆಲಸ, ಆದರೆ ಒಟ್ಟಿಗೇ ಆಗಬೇಕು. ಹೊಟ್ಟೆಯಿಂದ ಕೆಳಕ್ಕೆ ಒತ್ತುವುದು, ಕೆಳಗಿನ ಸ್ನಾಯುಗಳನ್ನು ಬಿಡುವುದು. ಬಹಳ ಜನ ಇದನ್ನು ಯೋಚಿಸದೆಯೇ ಮಾಡುತ್ತಾರೆ. ಡಿಸ್‌ಸಿನರ್ಜಿಯಾ ಇದ್ದವರಲ್ಲಿ ಒತ್ತುವುದು ನಡೆಯುತ್ತದೆ, ಬಿಡುವುದು ನಡೆಯುವುದಿಲ್ಲ. ಕೆಲವರಲ್ಲಿ ಒತ್ತಡವೂ ಸಾಲುವುದಿಲ್ಲ. ದಾದರ್ ಸ್ಟೇಷನ್ನಿನಲ್ಲಿ ಇಳಿಯುವವರು ಒಳಗಿಂದ ನೂಕುತ್ತಿರುವಾಗ ಹತ್ತುವವರು ಹೊರಗಿಂದ ನೂಕುತ್ತಾರಲ್ಲ, ಅದೇ ಕಥೆ. ಒಳಗಿಂದ ಎಷ್ಟೇ ಜೋರು ಮಾಡಿದರೂ ಬಾಗಿಲಲ್ಲಿ ಯಾರೂ ಅಲುಗುವುದಿಲ್ಲ. ಇಲ್ಲಿ ಪುಡಿ ಜಾಸ್ತಿ ಮಾಡಿದರೆ ಒಳಗೆ ಇನ್ನಷ್ಟು ತುಂಬುತ್ತದೆ, ಅಷ್ಟೇ. ಇಸಬ್‌ಗೋಲ್ ತಿಂದು ಹೊಟ್ಟೆ ಇನ್ನೂ ಉಬ್ಬಿತು ಅನ್ನುವವರ ಮಾತನ್ನು ತಳ್ಳಿಹಾಕಬಾರದು. ಅದೊಂದು ಸುಳಿವು.

ಇದು ಯಾಕೆ ಬರುತ್ತದೆ? ಒಂದೇ ಕಾರಣ ಅಂತ ಇಲ್ಲ. ಹೆರಿಗೆಯಲ್ಲಾದ ಪೆಟ್ಟು, ಬೆನ್ನಿನ ತೊಂದರೆ, ಚಿಕ್ಕಂದಿನಲ್ಲಿ ಗಟ್ಟಿ ಮಲದಿಂದಾದ ನೋವು, ಗುದದ ಬಿರುಕು ಇವೆಲ್ಲ ಇರಬಹುದು. ಒಮ್ಮೆ ನೋವು ಕಂಡ ಜಾಗವನ್ನು ದೇಹ ಬಿಗಿ ಹಿಡಿಯುತ್ತದೆ. ನೋವು ಹೋದ ಮೇಲೂ ಬಿಗಿ ಉಳಿದುಬಿಡುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಲ್ಲೂ ಇದು ಕಾಣುತ್ತದೆ. ಒಳ್ಳೆಯ ಡಾಕ್ಟರು ಇದನ್ನು ಮೆಲ್ಲಗೆ, ಬೇರೆಯವರು ಇಲ್ಲದಾಗ ಕೇಳುತ್ತಾರೆ.

ಇನ್ನೊಂದು, ಸಂಡಾಸು ಬಂದರೂ ವರ್ಷಗಟ್ಟಲೆ ಕಟ್ಟಿಕೊಳ್ಳುವ ಅಭ್ಯಾಸ. ಈ ಊರಿನಲ್ಲಿ ಅದಕ್ಕೇನು ಕಡಿಮೆ? ಚಾಳಿನಲ್ಲಿ ಇಡೀ ಮಾಳಿಗೆಗೆ ಸೇರಿದ ಸಂಡಾಸು, ಬೆಳಿಗ್ಗೆ ಬಾಲ್ದಿ ಹಿಡಿದ ಸಾಲು, ಹಿಂದಿನವನು ಬಾಗಿಲು ಬಡಿಯುವುದು. ನಮ್ಮ ಊರಿನಿಂದ ಬಂದು ಹೋಟೆಲಿಗೆ ಸೇರಿದ ಹುಡುಗರು ನಸುಕಿನಲ್ಲೇ ಎದ್ದು ಇಡ್ಲಿ ಹಬೆಗೆ ಇಟ್ಟವರು. ಗಿರಾಕಿ ನುಗ್ಗುವ ಹೊತ್ತಿಗೂ ಹೊಟ್ಟೆ ಕರೆಯುವ ಹೊತ್ತಿಗೂ ಹೊಂದಿಕೆ ಆಗುತ್ತಿರಲಿಲ್ಲ. ಡೊಂಬಿವಲಿಯಿಂದ ಸಿಎಸ್‌ಎಂಟಿ ಸ್ಟೇಷನ್ನಿಗೆ ಟ್ರೇನಿನಲ್ಲಿ ಗಂಟೆಗೂ ಮಿಕ್ಕಿ ನಿಂತೇ ಹೋಗುವ ಹೆಂಗಸರು ಬೆಳಿಗ್ಗೆ ಟೀ ಕುಡಿಯುವುದನ್ನೇ ಬಿಟ್ಟಿರುತ್ತಾರೆ, ದಾರಿಯಲ್ಲಿ ಅರ್ಜೆಂಟಾದರೆ ಅಂತ. ಊಟ ತಿಂಡಿ ಹೊಟ್ಟೆಗೆ ಬಿದ್ದಾಗ ದೊಡ್ಡ ಕರುಳು ಜೋರಾಗಿ ಕೆಲಸ ಶುರು ಮಾಡುತ್ತದೆ. ಬೆಳಿಗ್ಗೆಯಂತೂ ಅದರ ಹೊತ್ತೇ. ಆ ಕರೆಯನ್ನು ದಿನವೂ ಹತ್ತಿಕ್ಕಿದರೆ ಗುದನಾಳ ಹಿಗ್ಗಿ ಮಂಕಾಗುತ್ತದೆ, ತುಂಬಿದರೂ ಗೊತ್ತಾಗುವುದಿಲ್ಲ. ಬಿಗಿ ಹಿಡಿಯುವ ಸ್ನಾಯುವಿಗೆ ಮಾತ್ರ ದಿನವೂ ಕಸರತ್ತು. ಹೀಗೆ ಕಟ್ಟಿಕೊಂಡವರಿಗೆಲ್ಲ ರೋಗ ಬರುತ್ತದೆ ಅಂತಲ್ಲ. ಬಂದವರನ್ನು ಮಾತನಾಡಿಸಿದರೆ ಈ ಕಥೆ ಮತ್ತೆ ಮತ್ತೆ ಸಿಗುತ್ತದೆ.

ಇಷ್ಟರಿಂದ ಒಂದು ಮಾತು ಹೊರಡುತ್ತದೆ. ಇದು ಸ್ನಾಯು ಹರಿದದ್ದಲ್ಲ, ಸತ್ತದ್ದಲ್ಲ. ಬಹುಪಾಲು ಜನರಲ್ಲಿ ತಪ್ಪಾಗಿ ಕಲಿತದ್ದು. ಕಲಿತದ್ದನ್ನು ತಿದ್ದಬಹುದು.

ತಿದ್ದುವ ಮೊದಲು ಪರೀಕ್ಷೆ ಬೇಕು. ನನ್ನ ಪ್ರಕಾರ ನಮ್ಮಲ್ಲಿ ಜಾಸ್ತಿ ತಪ್ಪುವುದು ಇಲ್ಲೇ. ಗುದದಲ್ಲಿ ಏನೋ ಗಂಟು ಕೈಗೆ ಸಿಕ್ಕಿತು, ಪೈಲ್ಸ್ ಅಂತ ಹೇಳಿ ಆಪರೇಷನ್ ಮುಗಿಸುತ್ತಾರೆ. ತಿಣುಕುವುದು ನಿಲ್ಲದಿದ್ದರೆ ಪೈಲ್ಸ್ ಮತ್ತೆ ಬರುತ್ತದೆ ಅಲ್ವಾ? ಮೊದಲ ಪರೀಕ್ಷೆಗೆ ಯಂತ್ರವೇ ಬೇಡ. ಡಾಕ್ಟರು ಕೈಗವಸು ಹಾಕಿ ಬೆರಳಿನಿಂದ ಒಳಗೆ ನೋಡುತ್ತಾ, ‘ಸಂಡಾಸಿಗೆ ಕೂತ ಹಾಗೆ ಒತ್ತಿ’ ಅನ್ನುತ್ತಾರೆ. ಒತ್ತುವಾಗ ಬೆರಳನ್ನು ಸ್ನಾಯು ಬಿಟ್ಟರೆ ಸರಿ. ಹಿಂಡಿ ಹಿಡಿದರೆ ಅನುಮಾನ. ಒಂದೆರಡು ನಿಮಿಷದ ಈ ಕೆಲಸವನ್ನು ಡಾಕ್ಟರೂ ಸಂಕೋಚದಿಂದ ಬಿಡುತ್ತಾರೆ, ಪೇಷಂಟೂ ನಾಚಿಕೆಯಿಂದ ಬೇಡ ಅನ್ನುತ್ತಾರೆ. ಆಮೇಲೆ ವರ್ಷಗಟ್ಟಲೆ ಪುಡಿ.

ಅನುಮಾನ ಬಂದರೆ ಮುಂದಿನದು ಅನೊರೆಕ್ಟಲ್ ಮ್ಯಾನೊಮೆಟ್ರಿ. ಎಡ ಮಗ್ಗುಲಿಗೆ ಮಲಗಿಸಿ, ಮೊಣಕಾಲು ಮಡಚಿಸಿ, ಪೆನ್ಸಿಲಿನಷ್ಟು ತೆಳ್ಳಗಿನ ಮೆತ್ತನೆಯ ನಳಿಕೆಯನ್ನು ಒಳಗೆ ಇಡುತ್ತಾರೆ. ಅದರ ಉದ್ದಕ್ಕೂ ಒತ್ತಡ ಅಳೆಯುವ ಸೆನ್ಸರುಗಳು, ತುದಿಯಲ್ಲಿ ಪುಟ್ಟ ಬಲೂನು. ಬಿಗಿ ಹಿಡಿಯಿರಿ, ಬಿಡಿ, ಕೆಮ್ಮಿ, ಒತ್ತಿ ಅನ್ನುತ್ತಾರೆ. ಒತ್ತುವಾಗ ಗುದನಾಳದ ಒತ್ತಡ ಏರಬೇಕು, ಗುದದ್ವಾರದ ಒತ್ತಡ ಇಳಿಯಬೇಕು. ಬಲೂನಿಗೆ ಗಾಳಿ ಸ್ವಲ್ಪ ಸ್ವಲ್ಪವೇ ತುಂಬಿ ಯಾವಾಗ ಗೊತ್ತಾಯಿತು, ಯಾವಾಗ ಅರ್ಜೆಂಟ್ ಅನ್ನಿಸಿತು ಅಂತ ಕೇಳುತ್ತಾರೆ. ಮುಜುಗರ ಆಗುತ್ತದೆ, ನೋವು ಅಷ್ಟಾಗಿ ಇಲ್ಲ. ಅರಿವಳಿಕೆ ಕೊಡುವುದಿಲ್ಲ, ಕೊಡಲೂಬಾರದು. ನೀವು ಎಚ್ಚರದಿಂದ ಒತ್ತಿದರೆ ತಾನೇ ಗೊತ್ತಾಗುವುದು!

ಇದರ ಜೊತೆಗೊಂದು ಸರಳ ಪರೀಕ್ಷೆ ಇದೆ. ಬಲೂನಿಗೆ 50 ಮಿಲಿಲೀಟರ್ ಬೆಚ್ಚಗಿನ ನೀರು ತುಂಬಿಸಿ, ಪರದೆಯ ಹಿಂದೆ ಕಮೋಡಿನ ಮೇಲೆ ಕೂರಿಸಿ, ಹೊರಗೆ ಹಾಕಿ ಅನ್ನುತ್ತಾರೆ. ಸಾಮಾನ್ಯವಾಗಿ 1 ನಿಮಿಷದೊಳಗೆ ಬಂದುಬಿಡುತ್ತದೆ. ಕೆಲವು ಕಡೆ 2 ನಿಮಿಷದ ತನಕ ಬಿಡುತ್ತಾರೆ. ಬರಲಿಲ್ಲ ಅಂದರೆ ಹೊರಹಾಕುವ ಹಂತದಲ್ಲಿ ಅಡ್ಡಿ ಇದೆ. ದುಬಾರಿ ಯಂತ್ರ ಇಲ್ಲದ ಕಡೆಯೂ ಇದನ್ನು ಮಾಡಬಹುದು. ಬೇಕಾದರೆ ಎಮ್‌ಆರ್‌ಐಯಲ್ಲಿ ಒತ್ತುವಾಗಿನ ಚಿತ್ರ ತೆಗೆಯುತ್ತಾರೆ. ಗುದನಾಳದ ಗೋಡೆ ಯೋನಿಯ ಕಡೆಗೆ ಉಬ್ಬಿದೆಯೇ, ಒಳಕ್ಕೆ ಮಡಚಿಕೊಳ್ಳುತ್ತಿದೆಯೇ ಎಂಬುದು ಅದರಲ್ಲಿ ಕಾಣುತ್ತದೆ. ಕರುಳಿನ ನಡಿಗೆಯೇ ನಿಧಾನವೇ ಅಂತ ನೋಡಲು ಎಕ್ಸ್‌ರೇಯಲ್ಲಿ ಕಾಣುವ ಪುಟ್ಟ ಬಳೆಗಳಿರುವ ಕ್ಯಾಪ್ಸೂಲ್ ನುಂಗಿಸಿ, ಐದನೆಯ ದಿನ ಎಷ್ಟು ಉಳಿದಿವೆ ಅಂತ ಎಣಿಸುತ್ತಾರೆ.

ಒಂದು ಎಚ್ಚರಿಕೆ. ಮಲಗಿಕೊಂಡು, ಅಪರಿಚಿತರ ಮುಂದೆ ಒತ್ತು ಅಂದರೆ ಯಾವ ತೊಂದರೆಯೂ ಇಲ್ಲದವರೂ ಬಿಗಿ ಹಿಡಿಯುವುದುಂಟು. ಒಂದು ಮ್ಯಾನೊಮೆಟ್ರಿ ರಿಪೋರ್ಟ್ ನೋಡಿ ಹಣೆಪಟ್ಟಿ ಹಚ್ಚುವಂತಿಲ್ಲ. ಹೊಟ್ಟೆಯ ಇಂಥ ತೊಂದರೆಗಳಿಗೆ ಡಾಕ್ಟರುಗಳು ಅನುಸರಿಸುವ ರೋಮ್ ನಿಯಮಗಳ 2016ರ ಆವೃತ್ತಿಯೂ ಕನಿಷ್ಠ ಎರಡು ಪರೀಕ್ಷೆಗಳು ಒಂದೇ ಮಾತು ಹೇಳಬೇಕು ಅನ್ನುತ್ತದೆ.

ಈಗ ಬಯೋಫೀಡ್‌ಬ್ಯಾಕ್. ಹೆಸರು ಕೇಳಿ ಯಾವುದೋ ಕರೆಂಟ್ ಕೊಡುವ ಚಿಕಿತ್ಸೆ ಅಂದುಕೊಳ್ಳುವವರು ಬಹಳ. ಯಂತ್ರ ನಿಮಗೆ ಏನೂ ಮಾಡುವುದಿಲ್ಲ. ನೀವು ಏನು ಮಾಡುತ್ತಿದ್ದೀರಿ ಅಂತ ತೋರಿಸುತ್ತದೆ. ಒಳಗಿನ ಈ ಸ್ನಾಯು ಕಣ್ಣಿಗೆ ಕಾಣದು, ಕೈಗೆ ಸಿಗದು. ಬಿಗಿ ಹಿಡಿದಿದ್ದೇನೆ ಎಂಬುದೇ ಗೊತ್ತಿಲ್ಲದವರು ಬಿಡುವುದು ಹೇಗೆ? ಮ್ಯಾನೊಮೆಟ್ರಿಯಂಥದ್ದೇ ನಳಿಕೆ, ಇಲ್ಲವೇ ಸ್ನಾಯುವಿನ ವಿದ್ಯುತ್ ಸುಳಿವನ್ನು ಹಿಡಿಯುವ ಸೆನ್ಸರ್, ಆ ಬಿಗಿಯನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಗೆರೆ ನೋಡಿಕೊಂಡು ಸ್ನಾಯುವನ್ನು ತಿದ್ದುವುದೇ ಪಾಠ.

ಕುಂದಾಪುರ ಕಡೆಯ ನನ್ನ ಚಿಕ್ಕಮ್ಮ ಠಾಣೆಯಲ್ಲಿ ಮಗನ ಮನೆಗೆ ಬಂದಿದ್ದಾಗ ಈ ಚಿಕಿತ್ಸೆ ಪಡೆದರು. ಅವರಿಗೆ ಹಿಂದಿ ಮರಾಠಿ ಬಾರದು. ಮಗ ಒಳಗೆ ಬರುವುದು ಅವರಿಗೆ ಬೇಡ. ಹಾಗಾಗಿ ನಾನು ಜೊತೆಗೆ ಹೋದೆ. ಚಿಕ್ಕ ಕೋಣೆ, ಒಂದು ಮಂಚ, ಪರದೆಯ ಹಿಂದೆ ಕಮೋಡು, ಗೋಡೆಯ ಮೇಲೆ ಮಾನಿಟರ್. ಥೆರಪಿಸ್ಟ್ ಮರಾಠಿ ಹುಡುಗಿ. ಮೊದಲು ಯಂತ್ರದ ಕಡೆ ಹೋಗಲೇ ಇಲ್ಲ. ಕಾಗದದ ಮೇಲೆ ಚಿತ್ರ ಬರೆದು ಸ್ನಾಯು ಎಲ್ಲಿದೆ ಅಂತ ತೋರಿಸಿದಳು. ಆಮೇಲೆ ಉಸಿರಿನ ಪಾಠ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಉಸಿರು ಎಳೆದರೆ ಹೊಟ್ಟೆಯ ಮೇಲಿನ ಕೈ ಏಳಬೇಕು. ಚಿಕ್ಕಮ್ಮನದು ಎದೆಯ ಕೈ ಮಾತ್ರ ಏಳುತ್ತಿತ್ತು.

ನಳಿಕೆ ಇಟ್ಟ ಮೇಲೆ ಮಾನಿಟರಿನಲ್ಲಿ ಎರಡು ಗೆರೆ ಬಂದವು. ಮೇಲಿನದು ಒಳಗಿಂದ ಒತ್ತುವ ಒತ್ತಡದ್ದು, ಕೆಳಗಿನದು ಬಾಗಿಲಿನದು, ಅಂದರೆ ಗುದದ್ವಾರದ ಬಿಗಿಯದ್ದು. ‘ಜೋರ್ ಕರಾ’ ಅಂದಳು ಹುಡುಗಿ. ನಾನು ‘ಒತ್ತಿ ಚಿಕ್ಕಮ್ಮ’ ಅಂದೆ. ಚಿಕ್ಕಮ್ಮ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಉಸಿರು ಕಟ್ಟಿ ತಿಣುಕಿದರು. ಕುತ್ತಿಗೆಯ ನರ ಎದ್ದು ನಿಂತವು. ಎರಡೂ ಗೆರೆಗಳು ಒಟ್ಟಿಗೇ ಏರಿದವು. ಹುಡುಗಿ ಅದನ್ನು ಬೆರಳಿಟ್ಟು ತೋರಿಸಿದಳು. ಇನ್ನೊಮ್ಮೆ, ಮತ್ತೆ ಹಾಗೆಯೇ. ‘ಸೈಲ್ ಸೋಡಾ, ಸೈಲ್ ಸೋಡಾ.’ ನಾನು ‘ಸಡಿಲ ಬಿಡಿ, ಪೂರ್ತಿ ಬಿಟ್ಟುಬಿಡಿ’ ಅನ್ನುತ್ತಲೇ ಇದ್ದೆ. ‘ಬಿಟ್ಟಿದ್ದೆ ಅಲ್ದಾ!’ ಅಂತ ಚಿಕ್ಕಮ್ಮನಿಗೆ ಸಿಟ್ಟು. ಆಮೇಲೆ ಹುಡುಗಿ ದಾರಿ ಬದಲಿಸಿದಳು. ಒತ್ತುವುದೇ ಬೇಡ, ಬೇಕಂತಲೇ ಬಿಗಿ ಹಿಡಿಯಿರಿ, ಆಮೇಲೆ ಬಿಡಿ. ಬಿಗಿ ಹಿಡಿದಾಗ ಕೆಳಗಿನ ಗೆರೆ ಏರಿತು, ಬಿಟ್ಟಾಗ ಇಳಿಯಿತು. ಚಿಕ್ಕಮ್ಮ ಕಣ್ಣು ತೆರೆದು ಗೆರೆಯನ್ನೇ ನೋಡತೊಡಗಿದರು. ಮತ್ತೆ ಬಿಗಿ, ಮತ್ತೆ ಸಡಿಲ. ಅಲ್ಲಿಂದ ಮುಂದೆ ನಾನು ಬಾಯಿ ಬಿಡುವ ಕೆಲಸವೇ ಉಳಿಯಲಿಲ್ಲ. ಬಾಯಿ ಸ್ವಲ್ಪ ತೆರೆದು, ಉಸಿರು ಬಿಡುತ್ತಾ, ಹೊಟ್ಟೆಯನ್ನು ಮುಂದಕ್ಕೆ ತಳ್ಳಿ ಮೆಲ್ಲಗೆ ಒತ್ತಿದಾಗ ಒಮ್ಮೆ ಮೇಲಿನ ಗೆರೆ ಏರಿ ಕೆಳಗಿನದು ಚೂರು ತಗ್ಗಿತು. ‘ಹೇ ಬಘಾ, ಹೇಚ್!’ (ನೋಡಿ, ಇದೇ!) ಅಂತ ಹುಡುಗಿ ಚಪ್ಪಾಳೆ ತಟ್ಟಿದಳು. ‘ಇಷ್ಟು ಮೆಲ್ಲಗಾ? ನಾನ್ ಇಷ್ಟ್ ವರ್ಷ ಸುಮ್ನೆ ಜೀವ ತೇಯ್ದದ್ದಾ?’ ಅಂದರು ಚಿಕ್ಕಮ್ಮ.

ಮೊದಲ ದಿನ ಹಾಗೆ ಒಮ್ಮೆ ತಗ್ಗಿದ್ದಕ್ಕೆ ರೋಗ ಹೋಗುವುದಿಲ್ಲ. ಸಾಮಾನ್ಯವಾಗಿ ವಾರಕ್ಕೋ ಎರಡು ವಾರಕ್ಕೋ ಒಂದರಂತೆ 4ರಿಂದ 6 ಪಾಠ, ಒಂದೊಂದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮೊದಲು ಮಲಗಿ ಕಲಿತದ್ದನ್ನು ಆಮೇಲೆ ಕಮೋಡಿನ ಮೇಲೆ ಕೂತು ಮಾಡಬೇಕು. ನೀರು ತುಂಬಿದ ಬಲೂನನ್ನು ಹೊರಹಾಕುವ ಅಭ್ಯಾಸ ಇರುತ್ತದೆ. ಮೊದಮೊದಲು ಥೆರಪಿಸ್ಟ್ ಮೆಲ್ಲಗೆ ಎಳೆದು ಸಹಾಯ ಮಾಡುತ್ತಾರೆ. ಗುದನಾಳ ಮಂಕಾದವರಿಗೆ ಬಲೂನಿನಿಂದಲೇ ಇನ್ನೊಂದು ಪಾಠ. ಜಾಸ್ತಿ ತುಂಬಿಸಿ ಗೊತ್ತು ಮಾಡಿಸಿ, ಆಮೇಲೆ ಕಡಿಮೆ ಮಾಡುತ್ತಾ ಹೋಗಿ, ಸ್ವಲ್ಪಕ್ಕೇ ಗೊತ್ತಾಗುವ ಹಾಗೆ ಪಳಗಿಸುವುದು. ನಡುವೆ ಮನೆಪಾಠ. ದಿನವೂ ಉಸಿರಿನ ಅಭ್ಯಾಸ, ಬಿಡುವ ಅಭ್ಯಾಸ. ಸಂಡಾಸಿಗೆ ಯಾವಾಗ ಹೋದೆ, ಎಷ್ಟು ತಿಣುಕಿದೆ ಅಂತ ಬರೆದಿಡುವುದು. ಮನೆಪಾಠ ಮಾಡದವರಿಗೆ ಯಂತ್ರದಿಂದ ಲಾಭವಿಲ್ಲ. ಮರೆವು ಜಾಸ್ತಿ ಇರುವ ಹಿರಿಯರಿಗೆ, ಹೇಳಿದ್ದನ್ನು ಮಾಡಲಾಗದವರಿಗೆ ಇದು ಒಗ್ಗುವುದೂ ಇಲ್ಲ.

ಇಲ್ಲೊಂದು ಅಡ್ಡಮಾತು. ಯೂಟ್ಯೂಬ್ ನೋಡಿ ಕೀಗಲ್ ವ್ಯಾಯಾಮ ಮಾಡುವವರು ಈಗ ಎಲ್ಲೆಲ್ಲೂ ಇದ್ದಾರೆ. ಅದು ಬಿಗಿಯುವ ಕಸರತ್ತು. ಮಲ ಜಾರುವವರಿಗೆ, ಮೂತ್ರ ಸೋರುವವರಿಗೆ ಒಳ್ಳೆಯದು. ಈಗಾಗಲೇ ಬಿಗಿ ಜಾಸ್ತಿಯಾದವರು ಬಿಡುವುದನ್ನು ಕಲಿಯದೆ ಬರೀ ಬಿಗಿಯುತ್ತಾ ಹೋದರೆ ತೊಂದರೆಯನ್ನು ಮತ್ತಷ್ಟು ಕಟ್ಟಿಕೊಂಡ ಹಾಗೆ.

ಇದೆಲ್ಲ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಪುರಾವೆ ಇದೆಯೇ? ಇದೆ, ಚೆನ್ನಾಗಿಯೇ ಇದೆ. ಶುರುವಾದದ್ದು ಮಲಬದ್ಧತೆಯಿಂದಲ್ಲ, ಅದರ ಉಲ್ಟಾ ತೊಂದರೆಯಿಂದ. 1974ರಲ್ಲಿ ಅಮೆರಿಕದ ಬಾಲ್ಟಿಮೋರಿನ ಎಂಗೆಲ್, ನಿಕೂಮನೇಶ್, ಶುಸ್ಟರ್ ಎಂಬ ಮೂವರು ಮಲ ಹಿಡಿದಿಡಲಾಗದ ಬೆರಳೆಣಿಕೆಯ ಜನರಿಗೆ ಒತ್ತಡದ ಗೆರೆ ತೋರಿಸಿ ಸ್ನಾಯು ಬಿಗಿಯಲು ಕಲಿಸಿದ್ದನ್ನು ಬರೆದರು. 1980ರ ದಶಕದಲ್ಲಿ ಅದೇ ಉಪಾಯವನ್ನು ತಿರುವಿ ಹಾಕಿ ಸಡಿಲ ಬಿಡಲು ಕಲಿಸುವುದು ಬಂತು.

ಗಟ್ಟಿ ಉತ್ತರ ಸಿಕ್ಕಿದ್ದು 2006ರಲ್ಲಿ. ಇಟಲಿಯ ಕ್ಯಾರಿಯೋನಿ ಮತ್ತು ಜೊತೆಯವರು ಡಿಸ್‌ಸಿನರ್ಜಿಯಾ ಇದ್ದ 109 ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ವಾರಕ್ಕೊಂದರಂತೆ 5 ಪಾಠ. ಇನ್ನೊಂದಕ್ಕೆ ಮಲ ಮೆದು ಮಾಡುವ ಪಿಇಜಿ ಪುಡಿ ಮತ್ತು ಸಲಹೆ. ಆರು ತಿಂಗಳ ನಂತರ ಪಾಠದ ಗುಂಪಿನಲ್ಲಿ 80 ಶೇಕಡಾ ಜನರಿಗೆ ಚೆನ್ನಾಗಿ ಗುಣ ಕಂಡಿತ್ತು, ಪುಡಿಯ ಗುಂಪಿನಲ್ಲಿ 22 ಶೇಕಡಾ. ಪಾಠದ ಲಾಭ ಎರಡು ವರ್ಷ ಕಳೆದರೂ ಉಳಿದಿತ್ತು. ಗುಣ ಕಂಡದ್ದು ಬರೀ ಡಾಕ್ಟರು ಗಮನ ಕೊಟ್ಟಿದ್ದಕ್ಕಾ ಅಂತ ಕೇಳಬಹುದು. 2007ರಲ್ಲಿ ಹೇಮನ್ ಎಂಬವರ ತಂಡ ಬಯೋಫೀಡ್‌ಬ್ಯಾಕನ್ನು ಸ್ನಾಯು ಸಡಿಲಿಸುವ ಡಯಾಜಿಪಾಮ್ ಮಾತ್ರೆಗೂ ಔಷಧಿಯೇ ಇಲ್ಲದ ಹುಸಿಮಾತ್ರೆಗೂ ಹೋಲಿಸಿತು. ಪಾಠದಲ್ಲಿ 70 ಶೇಕಡಾ ಜನರಿಗೆ ಆರಾಮ, ಹುಸಿಮಾತ್ರೆಯಲ್ಲಿ 38, ಡಯಾಜಿಪಾಮಿನಲ್ಲಿ 23. ಮಾತ್ರೆ ಹಾಕಿ ಇಡೀ ಮೈ ಸಡಿಲ ಮಾಡಿದರೆ ಸಾಲದು, ಯಾವ ಹೊತ್ತಿಗೆ ಯಾವುದನ್ನು ಬಿಡಬೇಕು ಎಂಬುದು ತಿಳಿಯಬೇಕು.

ಯಾರಿಗೆ ಇದು ಬೇಡ ಎಂಬುದಕ್ಕೂ ಉತ್ತರ ಇದೆ. ಕ್ಯಾರಿಯೋನಿ ತಂಡವೇ 2005ರಲ್ಲಿ ಎರಡು ಬಗೆಯ ರೋಗಿಗಳಿಗೆ ಒಂದೇ ಪಾಠ ಕೊಟ್ಟು ನೋಡಿತ್ತು. ತಾಳಮೇಳ ತಪ್ಪಿದವರಲ್ಲಿ 71 ಶೇಕಡಾ ಜನ ತೃಪ್ತಿ ಅಂದರು. ಬರೀ ಕರುಳಿನ ನಡಿಗೆ ನಿಧಾನ ಇದ್ದವರಲ್ಲಿ 8 ಶೇಕಡಾ ಮಾತ್ರ. ಹಾಗಾಗಿ ಪರೀಕ್ಷೆ ಮಾಡದೆಯೇ ‘ಬನ್ನಿ, ಬಯೋಫೀಡ್‌ಬ್ಯಾಕ್ ಪ್ಯಾಕೇಜ್ ಇದೆ’ ಅನ್ನುವ ಕಡೆಯಿಂದ ಎದ್ದು ಬನ್ನಿ.

ಮಲ ಜಾರುವ ತೊಂದರೆಯ ಬಗ್ಗೆ ನಮ್ಮಲ್ಲಿ ಇನ್ನೂ ಬಾಯಿ ಬಿಡುವುದಿಲ್ಲ. ಹೆರಿಗೆಯಲ್ಲಿ ಬಳೆ ಹರಿದವರು, ಸಕ್ಕರೆ ಕಾಯಿಲೆಯಿಂದ ನರ ಸೋತವರು, ಪೈಲ್ಸ್ ಇಲ್ಲವೇ ಫಿಸ್ಟುಲಾ ಆಪರೇಷನ್ ಆದವರು ಇದರಲ್ಲಿ ಸೇರುತ್ತಾರೆ. ಮದುವೆ ಮನೆಗೆ ಹೋಗುವುದನ್ನೇ ಬಿಟ್ಟ ಹೆಂಗಸರಿದ್ದಾರೆ. ಇವರಿಗೆ ಪಾಠ ತಿರುಗಿಸಿ ಹೇಳುತ್ತಾರೆ. ಅರ್ಜೆಂಟ್ ಬಂದ ತಕ್ಷಣ ಬಿಗಿಯುವುದು, ಬಿಗಿಯನ್ನು ಹೆಚ್ಚು ಹೊತ್ತು ಹಿಡಿಯುವುದು, ಸ್ವಲ್ಪ ಬಂದಾಗಲೇ ಗುರುತಿಸುವುದು. ಇಲ್ಲಿ ಪುರಾವೆ ಮಲಬದ್ಧತೆಯಷ್ಟು ಏಕಮುಖವಾಗಿಲ್ಲ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ 2003ರ ಅಧ್ಯಯನದಲ್ಲಿ ಒಳ್ಳೆಯ ಸಲಹೆ ಪಡೆದವರೂ ಯಂತ್ರದ ಪಾಠ ಪಡೆದವರೂ ಒಂದೇ ಮಟ್ಟದಲ್ಲಿ ಸುಧಾರಿಸಿದರು. 2009ರಲ್ಲಿ ಹೇಮನ್ ತಂಡ ಸಲಹೆಯಿಂದ ಗುಣ ಆಗದವರನ್ನು ಮಾತ್ರ ಆರಿಸಿ ನೋಡಿದಾಗ ಬಯೋಫೀಡ್‌ಬ್ಯಾಕಿನಲ್ಲಿ 76 ಶೇಕಡಾ, ಬರೀ ವ್ಯಾಯಾಮದಲ್ಲಿ 41 ಶೇಕಡಾ ಜನರಿಗೆ ಆರಾಮ ಸಿಕ್ಕಿತು. ನನಗೆ ಇದರಿಂದ ಕಾಣುವುದು ಇಷ್ಟು: ಮೊದಲು ಊಟ, ಔಷಧ, ಸಲಹೆ. ಅದಕ್ಕೆ ಬಗ್ಗದಿದ್ದರೆ ಯಂತ್ರ. ಮಕ್ಕಳ ವಿಷಯದಲ್ಲಂತೂ ಮಾಮೂಲಿ ಚಿಕಿತ್ಸೆಗಿಂತ ಇದರಿಂದ ಹೆಚ್ಚಿನ ಲಾಭ ಕಂಡಿಲ್ಲ. ಮಲ ಮೆತ್ತಗಿಡುವ ಔಷಧ, ಊಟವಾದ ಮೇಲೆ ಬೈಯದೆ ಕೂರಿಸುವ ಅಭ್ಯಾಸ, ಅವರಿಗೆ ಅದೇ ಮೊದಲ ದಾರಿ.

ಕೂತರೆ ಗುದದ ಒಳಗೆ ಗಂಟೆಗಟ್ಟಲೆ ಒತ್ತಿದಂತೆ ನೋವು ಬರುವ ಲಿವೇಟರ್ ತೊಂದರೆಗೂ ಇದೇ ಪಾಠ ಸಹಾಯ ಮಾಡುತ್ತದೆ. ಅತಿಯಾಗಿ ತಿಣುಕಿ ಗುದನಾಳದಲ್ಲಿ ಹುಣ್ಣಾದವರಿಗೂ ತಿಣುಕುವುದನ್ನು ಬಿಡಿಸಲು ಬಳಸುತ್ತಾರೆ.

ಇವೆಲ್ಲದಕ್ಕೂ ಮೊದಲು ನೋಡಬೇಕಾದ ಕೆಲವು ವಿಷಯಗಳಿವೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ಕಡಿಮೆ ಆಗಿರುವುದು, 50ರ ಹತ್ತಿರ ಬಂದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್. ಇವುಗಳಲ್ಲಿ ಒಂದಿದ್ದರೂ ಮೊದಲು ಡಾಕ್ಟರು, ಬೇಕಾದರೆ ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವುದು. ರಕ್ತ ಕಂಡರೆ ಪೈಲ್ಸೇ ಇರಬೇಕು ಅಂತ ನೀವೇ ತೀರ್ಮಾನ ಮಾಡಬೇಡಿ. ಥೈರಾಯ್ಡ್, ಸಕ್ಕರೆ, ಕ್ಯಾಲ್ಸಿಯಂ ನೋಡಿಸಿ. ಕಬ್ಬಿಣದ ಮಾತ್ರೆ, ಕೆಲವು ನೋವಿನ ಮಾತ್ರೆ, ಬಿಪಿಯ ಕೆಲವು ಮಾತ್ರೆ, ಖಿನ್ನತೆಯ ಕೆಲವು ಮಾತ್ರೆಗಳೂ ಹೊಟ್ಟೆ ಕಟ್ಟಿಸುತ್ತವೆ. ತಾವಾಗಿ ನಿಲ್ಲಿಸದೆ, ಬರೆದುಕೊಟ್ಟವರನ್ನೇ ಕೇಳಿ.

ಮುಂಬೈಯಲ್ಲಿ ಎಲ್ಲಿಗೆ ಹೋಗುವುದು? ಪರೇಲಿನ ಕೆಇಎಮ್, ಸಯನ್, ಮುಂಬೈ ಸೆಂಟ್ರಲಿನ ನಾಯರ್, ಭಾಯಖಳಾದ ಜೆಜೆ, ಈ ಸರಕಾರಿ ಮತ್ತು ಪಾಲಿಕೆ ಆಸ್ಪತ್ರೆಗಳಲ್ಲಿ ಗ್ಯಾಸ್ಟ್ರೋಎಂಟರಾಲಜಿ (ಹೊಟ್ಟೆ ಕರುಳಿನ ರೋಗಗಳ) ವಿಭಾಗಗಳಿವೆ. ಓಪಿಡಿ ಸಾಲು ಉದ್ದ, ಖರ್ಚು ಕಡಿಮೆ. ಖಾಸಗಿಯಲ್ಲೂ ದೊಡ್ಡ ಆಸ್ಪತ್ರೆಗಳ ಅದೇ ವಿಭಾಗದಿಂದ ಶುರು ಮಾಡಿ. ಎಲ್ಲ ಕಡೆ ಎಲ್ಲ ಸೌಲಭ್ಯ ಇರುವುದಿಲ್ಲ. ‘ಮ್ಯಾನೊಮೆಟ್ರಿ ಇಲ್ಲಿ ಆಗುತ್ತದಾ, ಬಲೂನ್ ಟೆಸ್ಟ್ ಮಾಡ್ತೀರಾ, ಬಯೋಫೀಡ್‌ಬ್ಯಾಕ್ ಯಾರು ಕಲಿಸ್ತಾರೆ?’ ಅಂತ ಮೂರೂ ಕೇಳಿ. ಮೂರನೆಯದೇ ಮುಖ್ಯ. ಯಂತ್ರ ತರುವುದು ಸುಲಭ, ತಾಳ್ಮೆಯಿಂದ ಕೂತು ಕಲಿಸುವವರು ಸಿಗುವುದು ಕಷ್ಟ. ಹೆಂಗಸರು ಹೆಣ್ಣು ಥೆರಪಿಸ್ಟ್ ಬೇಕು ಅಂತ ಮೊದಲೇ ಹೇಳಬಹುದು, ಅದರಲ್ಲಿ ಸಂಕೋಚವೇನೂ ಇಲ್ಲ. ಹಳೆಯ ರಿಪೋರ್ಟ್, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿ, ಪುಡಿಗಳ ಹೆಸರು ಸಹಿತ ಒಯ್ಯಿರಿ. ಬೆರಳು ಹಾಕಬೇಕಾಗುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಿ. ಡಾಕ್ಟರಿಗೆ ರೋಗ ಎಲ್ಲಿದೆ ಅಂತ ಅದೊಂದು ಮಾತಿನಿಂದಲೇ ಅರ್ಧ ತಿಳಿಯುತ್ತದೆ.

ಅಪಾಯಿಂಟ್‌ಮೆಂಟ್ ಸಿಗುವ ತನಕ ಮನೆಯಲ್ಲೇ ಶುರು ಮಾಡಬಹುದಾದ್ದು ಸ್ವಲ್ಪ ಇದೆ. ಬೆಳಿಗ್ಗೆ ತಿಂಡಿಯಾದ ಅರ್ಧ ಗಂಟೆಯೊಳಗೆ ಕೂರಿ, ಕರೆ ಬಂದಿದ್ದರೂ ಇಲ್ಲದಿದ್ದರೂ. ಫ್ಲ್ಯಾಟಿನಲ್ಲಿ ಕಮೋಡು ಮಾತ್ರ ಇದ್ದರೆ ಪಾದದ ಕೆಳಗೆ ಗಿಡ್ಡ ಸ್ಟೂಲ್ ಇಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವ ಹಾಗೆ ಮಾಡಿ, ಸ್ವಲ್ಪ ಮುಂದಕ್ಕೆ ಬಾಗಿ. ಬಾಯಿ ತೆರೆದು ಉಸಿರು ಬಿಡುತ್ತಾ ಒತ್ತಿ, ಉಸಿರು ಕಟ್ಟಬೇಡಿ. 5 ನಿಮಿಷದಲ್ಲಿ ಆಗಲಿಲ್ಲ ಅಂದರೆ ಎದ್ದು ಬನ್ನಿ. ಮೊಬೈಲ್ ಹೊರಗೇ ಇರಲಿ. ಚಿಕ್ಕಮ್ಮ ಊರಿಗೆ ಹೋಗುವಾಗ ಬೇರೇನನ್ನೂ ಕೊಳ್ಳದೆ ಠಾಣೆಯ ಮಾರ್ಕೆಟಿನಿಂದ ಒಂದು ಪ್ಲಾಸ್ಟಿಕ್ ಸ್ಟೂಲ್ ಹೊತ್ತುಕೊಂಡು ಹೋದರು. ಊರಲ್ಲಿ ಸಿಗುತ್ತದೆ ಅಂದರೂ ಕೇಳಲಿಲ್ಲ.